ಸಣ್ಣಹೊಳಲಿನಲ್ಲಿ ನಿಂತ ರೈಲು

ಹೊಳೆದಂಡೆಯ ಹಳೆಯ ಛತ್ರದಲ್ಲಿ ನಮ್ಮದೊಂದು ಸಂಘ ಇದೆ. ಆಟದ ರೈಲು ಕಟ್ಟುವವರ ಸಂಘ. ನಗುವವರು ನಗಲಿ, ನಮಗೆ ರೂಢಿಯಾಗಿದೆ.

ನಮ್ಮ ಗುರು ಮಾನಪ್ಪಜ್ಜ. ರೈಲ್ವೆ ಕಾರ್ಖಾನೆಯಲ್ಲಿ ಮೂವತ್ತಾರು ವರ್ಷ ಬಡಿಗತನ ಮಾಡಿ ಬಂದವರು. ವಯಸ್ಸು ಎಪ್ಪತ್ತೆಂಟು. ಮಾತು ಕಡಿಮೆ. ಆಡಿದರೂ ನಾವು ಕೇಳಿದ್ದಕ್ಕೇ ಉತ್ತರ ಸಿಗುತ್ತದೆ ಅನ್ನುವ ಖಾತ್ರಿ ಇಲ್ಲ.

ನಾನು ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರ. ಹದಿನಾಲ್ಕು ವರ್ಷದಿಂದ ಅವರ ಶಿಷ್ಯ. ಈ ಕಥೆ ಮಾತ್ರ ನನ್ನದಲ್ಲ.

ನಮ್ಮ ಪದ್ಧತಿ ಹೀಗೆ. ಒಬ್ಬೊಬ್ಬರೂ ಮನೆಯಲ್ಲಿ ಒಂದೊಂದು ಹಲಗೆ ಕಟ್ಟುತ್ತೇವೆ, ನಾಲ್ಕಡಿ ಉದ್ದ, ಎರಡಡಿ ಅಗಲ. ನಡುವೆ ಹಳಿ, ಹಳಿಯ ಅಕ್ಕಪಕ್ಕ ನಮ್ಮ ನಮ್ಮ ಮನಸ್ಸಿನ ಊರು. ವರ್ಷಕ್ಕೊಮ್ಮೆ, ಎಳ್ಳಮಾವಾಸ್ಯೆ ಕಳೆದ ಮೊದಲ ಭಾನುವಾರ, ಎಲ್ಲ ಹಲಗೆಗಳನ್ನೂ ಛತ್ರಕ್ಕೆ ತಂದು ಸಾಲಾಗಿ ಜೋಡಿಸುತ್ತೇವೆ. ಕುಂಬಾರನಿಗೆ ವರುಷ ದೊಣ್ಣೆಗೆ ನಿಮಿಷ ಅಂತ ಹೆದರಿ, ಕೂಸನ್ನು ಹೊತ್ತ ಹಾಗೆ ಹೊತ್ತು ತರುತ್ತೇವೆ.

ಯಾರ ಪಕ್ಕ ಯಾರು ಅನ್ನುವುದು ಅವತ್ತು ಬೆಳಿಗ್ಗೆ ಚೀಟಿ ಎತ್ತಿದಾಗಲೇ ಗೊತ್ತಾಗುವುದು.

ಆಮೇಲೆ ರೈಲು ಹೊರಡುತ್ತದೆ. ಓಟ ವರ್ಷಕ್ಕೆ ಒಂದೇ. ಪ್ರತಿ ಊರಲ್ಲೂ ನಿಲ್ಲುತ್ತದೆ. ಕಟ್ಟಿದವರು ತಮ್ಮ ಊರಿನ ಮಾತು ನಾಲ್ಕು ಹೇಳಿ, ರೈಲು ಓಡಿಸುವ ಗುಂಡಿಯನ್ನು ತಮ್ಮ ಕೈಯಾರೆ ತಿರುಗಿಸಿ ಅದನ್ನು ಮುಂದಿನ ಊರಿಗೆ ಕಳಿಸಬೇಕು. ಬೇರೆಯವರು ಗುಂಡಿ ಮುಟ್ಟುವ ಹಾಗಿಲ್ಲ.

ನೀಲಗಂಗಾ ಬಂದದ್ದು ಎರಡು ವರ್ಷದ ಹಿಂದೆ. ತಾಲೂಕು ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ ಅವಳದು.

"ಅಜ್ಜಾರ, ನಾನೂ ಒಂದು ಊರು ಕಟ್ಟಬೇಕ್ರಿ. ಕಲಸ್ತೀರೇನ್ರಿ?"

ಅಜ್ಜ ಒಂದು ಬರೀ ಹಲಗೆ ಕೊಟ್ಟರು. "ಎರಡೂ ಅಂಚು ಸಮಾ ಮಾಡ್ಕೊಂಡು ಬಾ."

ಅವಳು ಉಜ್ಜಿ ತಂದಳು. ಅಜ್ಜ ಅಂಚಿನ ಮೇಲೆ ಬೆರಳಾಡಿಸಿ ವಾಪಸು ಕೊಟ್ಟರು. ಮತ್ತೆ ತಂದಳು. ಮತ್ತೆ ವಾಪಸು. ಒಂದು ತಿಂಗಳು ಇದೇ ಆಯಿತು.

"ನಡುವ ಊರು ಕಟ್ಟೂದು ಯಾವಾಗ ಹೇಳಿಕೊಡ್ತೀರಿ?"

"ನಡುವಿಂದು ನಿಂದು. ಅದನ್ನ ನನಗ್ಯಾಕ ಕೇಳ್ತಿ?"

"ಮತ್ತ ಅಂಚು?"

"ಅದು ಪಕ್ಕದವರದು."

ಆಮೇಲೆ ಅವಳು ಏನನ್ನೂ ಕೇಳಲಿಲ್ಲ. ಒಂದೂವರೆ ವರ್ಷ ಮನೆಯಲ್ಲೇ ಕೂತು ಕಟ್ಟಿದಳು. ಯಾರಿಗೂ ತೋರಿಸಲಿಲ್ಲ.

ಈ ಸಲದ ಭಾನುವಾರ ಬಂತು. ಹೊಳೆಯ ಮೇಲೆ ತೆಳುವಾಗಿ ಮಂಜು ಕೂತಿತ್ತು. ಆಚೆ ದಂಡೆ ಇದೆಯೋ ಇಲ್ಲವೋ ಅನ್ನುವ ಹಾಗಿತ್ತು.

ನೀಲಗಂಗಾ ಹಲಗೆಯ ಮೇಲಿನ ಸೀರೆ ಸರಿಸಿದಳು. ನಾವು ಮಾತು ಬಿಟ್ಟು ಹತ್ತಿರ ಬಂದೆವು.

ಹಳದಿ ಬಣ್ಣದ ಪುಟ್ಟ ಸ್ಟೇಷನ್. ಸಿಮೆಂಟಿನ ಫಲಕದ ಮೇಲೆ ಕಪ್ಪು ಅಕ್ಷರದಲ್ಲಿ 'ಸಣ್ಣಹೊಳಲು'. ಒಂದು ಬೇವಿನ ಮರ, ಅದರ ಕೆಳಗೆ ಕಲ್ಲಿನ ಬೆಂಚು. ಕಂಬಿಗೆ ತೂಗುಹಾಕಿದ ಮರಳಿನ ಕೆಂಪು ಬಕೆಟ್ಟುಗಳು. ಹಿಂದೆ ಒಂದೇ ಕೋಣೆಯ ರೈಲ್ವೆ ಮನೆ, ಅದರ ಮುಂದೆ ಹಗ್ಗದ ಮೇಲೆ ಉಗುರಿನಷ್ಟು ಸೀರೆ ಒಣಗುತ್ತಿತ್ತು. ನೋಡುತ್ತ ನೋಡುತ್ತ, ಗಾಳಿ ಬಂದರೆ ಅದು ಅಲುಗೀತು ಅನ್ನಿಸಿತು.

ಸುಳ್ಳು ಯಾಕೆ ಹೇಳಲಿ, ನನಗೆ ಹೊಟ್ಟೆಕಿಚ್ಚಾಯಿತು. ನನ್ನ ಹಲಗೆಯಲ್ಲಿ ಒಂದು ಹುಣಸೆಮರ ಇದೆ. ಜನ ಅದನ್ನು ಹೂಕೋಸು ಅನ್ನುತ್ತಾರೆ.

"ಈ ಊರು ಎಲ್ಲೈತಿ, ನೀಲವ್ವ?" ಅಜ್ಜ ಕೇಳಿದರು.

"ನೀರಿನ್ಯಾಗ್ರಿ. ನಾ ಎಂಟು ವರ್ಷದಾಕಿ ಇದ್ದಾಗ ಆಣೆಕಟ್ಟು ಕಟ್ಟಿದ್ರು. ಹಳಿ ಕಿತ್ತು ಗುಡ್ಡದ ಆಚೆ ಹಾಕಿದ್ರು. ಬ್ಯಾಸಿಗ್ಯಾಗ ನೀರು ಇಳಿದ್ರ ಸ್ಟೇಷನ್ನಿನ ನೀರಿನ ಟಾಕಿ ತುದಿ ಕಾಣಸ್ತೈತ್ರಿ. ಅಷ್ಟ."

ಅಜ್ಜ ಬಗ್ಗಿ ಒಂದು ಅಂಚು ಮುಟ್ಟಿದರು. ತಲೆಯಾಡಿಸಿದರು. ಇನ್ನೊಂದು ಅಂಚಿಗೆ ಬಂದರು. ಅಲ್ಲಿ ಬೆರಳು ನಿಂತಿತು.

ಅಂಚಿಗೆ ನಾಲ್ಕು ಬೆರಳು ಇರುವಾಗಲೇ ಹಳಿ ಮುಗಿದಿತ್ತು. ಮುಂದೆ ಒಂದು ಅಡ್ಡ ದಿಮ್ಮಿ. ದಿಮ್ಮಿಯ ಆಚೆ ನೀರು. ಅಂಟನ್ನು ಪದರ ಪದರವಾಗಿ ಹೊಯ್ದು ಮಾಡಿದ ನೀರು. ಅದರೊಳಗೆ ಛತ್ರದ ಕಂಬದ ನೆರಳು ಕಾಣುತ್ತಿತ್ತು.

"ರೈಲು?" ಅಂದರು ಅಜ್ಜ.

"ಬರತೈತ್ರಿ."

"ಬಂದು?"

"ನಿಲ್ಲತೈತಿ." ಅವಳ ದನಿ ಗಟ್ಟಿಯಾಯಿತು. "ಕಡೀ ರೈಲಿನ್ಯಾಗ ನಾನೂ ನಮ್ಮವ್ವನೂ ಕುಂತು ಬಂದ್ವಿ. ಅದು ಹೋದಮ್ಯಾಲೆ ಊರು ಇಲ್ಲದಂಗಾತು. ಈ ಸಲ ಹೋಗಾಕ ಬಿಡಂಗಿಲ್ರಿ. ಬ್ಯಾಡಂದ್ರ ಹೇಳಿಬಿಡ್ರಿ, ಹಲಗಿ ಹೊತ್ಕೊಂಡು ಹೋಗತೀನಿ. ಮತ್ತ ಈ ಕಡೆ ಬರಂಗಿಲ್ಲ."

ಅಂಚು ಮುಚ್ಚಿದ ಹಲಗೆ ನಮ್ಮ ಸಂಘದಲ್ಲಿ ಒಮ್ಮೆಯೂ ಬಂದಿರಲಿಲ್ಲ.

"ಚೀಟಿ ಎತ್ತು," ಅಂದರು ಅಜ್ಜ.

ಹನ್ನೊಂದು ಹಲಗೆಗಳಲ್ಲಿ ಅವಳದು ಏಳನೆಯದಾಯಿತು. ಎಂಟನೆಯದು ನನ್ನದು.

ಅಂದರೆ ನನ್ನ ಊರಿಗೆ ಈ ವರ್ಷ ರೈಲು ಇಲ್ಲ. ನನ್ನ ಮುಂದಿನ ಮೂವರಿಗೂ ಇಲ್ಲ. ನಾನು ಅಜ್ಜನನ್ನು ಪಡಸಾಲೆಗೆ ಕರೆದೆ.

"ಅಜ್ಜಾರ, ನಮಗೆಲ್ಲಾ ಒಂದು ನಿಯಮ, ಆಕೀಗೊಂದು ನಿಯಮ ಏನ್ರಿ?"

"ಮಾಸ್ತರ, ನಾಷ್ಟಾ ಮಾಡಿಯೇನು?"

"ಇಲ್ರಿ."

"ಮಂಡಕ್ಕಿ ಐತಿ, ತಿನ್ನು."

ತಿಂದೆ. ಸಿಟ್ಟು ಮಾತ್ರ ಹಾಗೇ ಇತ್ತು.

ರೈಲು ಹೊರಟಿತು. ಕರಿ ಎಂಜಿನ್ನು, ಹಿಂದೆ ಏಳು ಡಬ್ಬಿ. ಒಂದೊಂದು ಡಬ್ಬಿಯೂ ಅಜ್ಜ ತೇಗದಲ್ಲಿ ಕೆತ್ತಿದ್ದು, ಒಂದೊಂದೂ ಬೆರಳುದ್ದ. ಅದು ಹತ್ತಿಯ ಹೊಲ ದಾಟಿತು. ಸಂತೆ ದಾಟಿತು. ಯಾರೋ ಕಟ್ಟಿದ ಬಾವಿಯ ಪಕ್ಕ ನಿಂತು, ಬಾವಿಯ ಕಥೆ ಕೇಳಿ, ಮತ್ತೆ ಹೊರಟಿತು.

ಹೀಗೆ ನೋಡುತ್ತ ಕೂತರೆ ನಾವೆಷ್ಟು ದೊಡ್ಡವರು ಅನ್ನುವುದು ಮರೆತುಹೋಗುತ್ತದೆ. ಕಿಟಕಿಯ ಪಕ್ಕ ಯಾರೋ ನಿದ್ದೆ ಮಾಡುತ್ತಿದ್ದಾರೆ, ಅವರನ್ನು ಎಬ್ಬಿಸಬಾರದು ಅನ್ನಿಸುತ್ತದೆ. ನಮಗೆ ಗೊತ್ತಿಲ್ಲದೆಯೇ ಎಲ್ಲರೂ ಪಿಸುಮಾತಿಗೆ ಇಳಿಯುತ್ತೇವೆ.

ಮಧ್ಯಾಹ್ನದ ಹೊತ್ತಿಗೆ ರೈಲು ಸಣ್ಣಹೊಳಲಿಗೆ ಬಂತು.

ನೀಲಗಂಗಾ ಗುಂಡಿಯನ್ನು ಮೆಲ್ಲಗೆ ತಿರುಗಿಸಿದಳು. ಎಂಜಿನ್ನು ಬೇವಿನ ಮರ ದಾಟಿ, ದಿಮ್ಮಿಗೆ ಒಂದು ಅಕ್ಕಿಕಾಳಿನಷ್ಟು ದೂರದಲ್ಲಿ ನಿಂತಿತು.

ಅವಳು ಹಲಗೆಯ ಮುಂದೆ ಮೊಣಕಾಲೂರಿದಳು. ಕಣ್ಣು ಸ್ಟೇಷನ್ನಿನ ಮಟ್ಟಕ್ಕೆ ಬಂತು. ಊರಿನ ಮಾತು ನಾಲ್ಕು ಹೇಳಬೇಕಿತ್ತು, ಹೇಳಲಿಲ್ಲ. ಸುಮ್ಮನೆ ನೋಡಿದಳು. ಅಷ್ಟು ಸುಖದಲ್ಲಿರುವ ಮುಖವನ್ನು ನಾನು ಬಹಳ ದಿನದಿಂದ ನೋಡಿರಲಿಲ್ಲ. ನನ್ನ ಸಿಟ್ಟು ಕೂಡ ಸ್ವಲ್ಪ ನಾಚಿಕೊಂಡಿತು.

ಹೊತ್ತು ಹೋಯಿತು. ಬಿಸಿಲು ವಾಲಿ ಹೊಳೆಯ ಬೆಳಕು ಛತ್ರದ ಸೂರಿನ ಮೇಲೆ ಆಡತೊಡಗಿತು. ಚಹಾ ಬಂತು, ಆರಿತು. ರೈಲು ನಿಂತೇ ಇತ್ತು.

ಒಂದು ತಾಸಾಯಿತು. ಎರಡು ತಾಸಾಯಿತು. ಅಜ್ಜ ಕಂಬಕ್ಕೆ ಒರಗಿ ಕೂತಿದ್ದರು.

ಆಗ ನೀಲಗಂಗಾ ಚೀಲದಿಂದ ಒಂದು ಕಡ್ಡಿಪೆಟ್ಟಿಗೆ ತೆಗೆದಳು. ಒಳಗಿನ ಹತ್ತಿಯಿಂದ ಏನನ್ನೋ ಎತ್ತಿ, ಪ್ಲಾಟ್‌ಫಾರಮ್ಮಿನ ತುದಿಯಲ್ಲಿ ನಿಲ್ಲಿಸಿದಳು. ಬತ್ತದ ಕಾಳಿನಷ್ಟು ಎತ್ತರದ ಮಣ್ಣಿನ ಮನುಷ್ಯ.

ಅಜ್ಜ ಎದ್ದು ಬಂದರು. ಕನ್ನಡಕ ಹಾಕಿಕೊಂಡರು.

"ಇಂವ ಯಾರು?"

"ನಮ್ಮಪ್ಪರಿ. ಯಮನೂರಪ್ಪ ಅಂತ. ಅಲ್ಲಿ ಹಳಿ ಬದಲಿ ಮಾಡೂ ಕೆಲಸಕ್ಕಿದ್ದ. ಹೋದ ವರ್ಷ ತೀರಿಕೊಂಡ."

"ಕೈಯಾಗ ಏನು?"

"ಹಸರು ಬಾವುಟ್ರಿ." ಅವಳು ಅವನ ಮೇಲಿನ ಕಣ್ಣು ಕೀಳಲಿಲ್ಲ. "ಕಡೀ ದಿನ ನಮ್ಮಿಬ್ಬರನ್ನ ಡಬ್ಬಿಯೊಳಗ ಕುಂದರಿಸಿ, ತಾನು ಕೆಳಗ ನಿಂತ. ಯಾರಾರ ಬಾವುಟ ತೋರಸಬೇಕಲ್ರಿ. ನಾ ಕಿಡಕ್ಯಾಗಿಂದ ನೋಡಿದೆ. ಎತ್ತಿದ ಕೈ ಎತ್ತಿದಂಗ ಇತ್ತು. ಸಣ್ಣಾವ ಆದ. ಇನ್ನಾ ಸಣ್ಣಾವ ಆದ. ಆಮ್ಯಾಲೆ ತಿರುವು ಬಂತು."

"ಮುಂದ?"

"ಮೂರು ದಿನಕ್ಕ ನಡಕೋತ ಬಂದು ನಮ್ಮನ್ನ ಕೂಡಿಕೊಂಡ. ಇಪ್ಪತ್ತೈದು ವರ್ಷ ಬದುಕಿದ. ಆ ಊರಿನ ಹೆಸರು ಒಮ್ಮೆನೂ ಎತ್ತಲಿಲ್ಲ."

ಅಜ್ಜ ಕನ್ನಡಕ ತೆಗೆದು ಜೇಬಿಗಿಟ್ಟರು.

"ನಾ ಬಡಿಗ್ಯಾರಾಂವ, ನನಗ ತಿಳಿವಲ್ದು. ಬಾವುಟ ಎತ್ತಿದಾಂವ ಅದನ್ನ ಯಾವಾಗ ಇಳಸಬೇಕು?"

"ಕಡೀ ಡಬ್ಬಿ ದಾಟಿದ ಮ್ಯಾಲೆ ರೀ. ಅಲ್ಲೀತನಕ ಇಳಸಂಗಿಲ್ಲ. ಕೈ ನೊಂದ್ರೂ ಇಳಸಂಗಿಲ್ಲ."

"ಹೌದೇನು?"

ಅಷ್ಟು ಅಂದು ಅಜ್ಜ ಹಲಗೆಯ ತುದಿಗೆ ಬಂದು ನಿಂತರು. ಬಲಗೈಯನ್ನು ನೆಟ್ಟಗೆ ಮೇಲಕ್ಕೆ ಎತ್ತಿದರು. ಬಾವುಟ ಹಿಡಿದವರ ಹಾಗೆ. ಎತ್ತಿ, ಹಾಗೇ ನಿಂತರು.

ನಾವು ಮೊದಲು ತಮಾಷೆ ಅಂದುಕೊಂಡೆವು.

ಅಜ್ಜ ಕೈ ಇಳಿಸಲಿಲ್ಲ. ಅಂಗಿಯ ತೋಳು ಜಾರಿ, ಒಣಗಿದ ಮೊಣಕೈ ಕಾಣಿಸಿತು. ಇನ್ನೂ ಸ್ವಲ್ಪ ಹೊತ್ತಾಯಿತು. ಬೆರಳು ನಡುಗತೊಡಗಿತು. ಆಮೇಲೆ ಇಡೀ ತೋಳು.

"ಅಜ್ಜಾರ, ಇದೇನ್ರಿ! ಕೈ ಇಳಸ್ರಿ," ಅಂದಳು ನೀಲಗಂಗಾ.

ಅಜ್ಜ ಅವಳ ಕಡೆ ನೋಡಲಿಲ್ಲ. ರೈಲಿನ ಕಡೆ ನೋಡುತ್ತಿದ್ದರು.

"ನಿಮ್ಮ ಕಾಲಿಗೆ ಬೀಳತೀನಿ. ಇಳಸ್ರಿ ಅಜ್ಜಾರ!"

ಹಣೆಯಲ್ಲಿ ಬೆವರು ಮೂಡಿತು. ನನಗೆ ತಡೆಯಲಾಗಲಿಲ್ಲ, ಹಿಡಿದುಕೊಳ್ಳಲು ಹೋದೆ. ಎಡಗೈಯಿಂದ ನನ್ನನ್ನು ಅತ್ತ ಸರಿಸಿದರು.

ನೀಲಗಂಗಾ ನಡುಗುವ ಆ ಕೈಯನ್ನು ನೋಡಿದಳು. ಪ್ಲಾಟ್‌ಫಾರಮ್ಮಿನ ಮೇಲೆ ನಿಂತ ತನ್ನ ಅಪ್ಪನನ್ನು ನೋಡಿದಳು. ಬಾಯಿಗೆ ಸೆರಗು ಒತ್ತಿಕೊಂಡು ಬಿಕ್ಕಿದಳು. "ಅಯ್ಯೋ ಯಪ್ಪಾ," ಅಂದಳು.

ಆಮೇಲೆ ದಿಮ್ಮಿಯನ್ನು ಎರಡು ಬೆರಳಲ್ಲಿ ಹಿಡಿದು ಕಿತ್ತಳು.

ಪಕ್ಕದ ಹಲಗೆಗೆ ಕೂಡಿಸಲು ತಂದಿದ್ದ ತುಂಡು ಹಳಿ ನನ್ನ ಜೇಬಿನಲ್ಲೇ ಉಳಿದಿತ್ತು. ಕೊಟ್ಟೆ. ಅವಳು ಅಳತೆ ನೋಡಿ ಕತ್ತರಿಸಿದಳು, ನೀರಿನ ಮೇಲೆ ಮಲಗಿಸಿದಳು. ದಿನಾ ಸೂಜಿ ಹಿಡಿಯುವ ಕೈ, ಅಳುವಾಗಲೂ ತಪ್ಪಲಿಲ್ಲ. ಈ ತುದಿಯನ್ನು ಅವಳು ಕೂಡಿಸಿದಳು, ಆ ತುದಿಯನ್ನು ನಾನು.

ಅವಳು ಗುಂಡಿಗೆ ಕೈ ಇಟ್ಟಳು. ಒಮ್ಮೆ ತೆಗೆದಳು. ಮತ್ತೆ ಇಟ್ಟಳು.

ರೈಲು ಹೊರಟಿತು.

ಎಂಜಿನ್ನು ನೀರಿನ ಮೇಲೆ ಹೋಯಿತು. ನೀರಿನೊಳಗೆ ಇನ್ನೊಂದು ಎಂಜಿನ್ನು ತಲೆಕೆಳಗಾಗಿ ಅದರ ಜೊತೆಗೇ ಹೋಯಿತು. ಒಂದು ಡಬ್ಬಿ, ಎರಡು ಡಬ್ಬಿ. ನನ್ನ ಸೊಟ್ಟ ಹುಣಸೆಮರದ ನೆರಳಿಗೆ ಅವು ಒಂದೊಂದಾಗಿ ಬಂದವು. ಅವಳು ಬಗ್ಗಿ ಒಂದೊಂದು ಕಿಟಕಿಯನ್ನೂ ನೋಡುತ್ತಿದ್ದಳು, ಒಳಗೆ ಯಾರೋ ಗುರುತಿನವರು ಕೂತಿದ್ದಾರೆ ಅನ್ನುವ ಹಾಗೆ.

ಏಳನೆಯ ಡಬ್ಬಿ ಬೇವಿನ ಮರ ದಾಟಿತು. ಮಣ್ಣಿನ ಮನುಷ್ಯನನ್ನು ದಾಟಿತು. ನೀರು ದಾಟಿತು.

ಸಣ್ಣಹೊಳಲಿನಲ್ಲಿ ಬರೀ ಹಳಿ ಉಳಿಯಿತು.

"ಖಾಲಿ ಆತ್ರಿ, ಅಜ್ಜಾರ," ಅಂದಳು ಅವಳು.

ಅಜ್ಜ ಆಗ ಕೈ ಇಳಿಸಿದರು. ಭುಜ ಒತ್ತಿಕೊಳ್ಳುತ್ತ, ಸೊಂಟ ಬಗ್ಗಿಸಿ, ಪ್ಲಾಟ್‌ಫಾರಮ್ಮಿನ ತುದಿಯಲ್ಲಿ ನಿಂತವನ ಹತ್ತಿರಕ್ಕೆ ಮುಖ ತಂದರು.

"ಯಮನೂರಪ್ಪ, ಕಡೀ ಡಬ್ಬಿ ದಾಟಿತು. ಇನ್ನ ಕೈ ಇಳಸಪಾ."