ಸೊನ್ನೆ ಎಂಬ ಉತ್ತರ

"ಬುದ್ಧಿ, ಐದು ವಾರ ನನಗೆ ಸುಳ್ಳು ಹೇಳಿದವನಿಗೆ ಆರನೆಯ ವಾರವೂ ನಾನು ಸಂದೇಶ ಕಳಿಸಬೇಕೇ?" ಎಂದು ಕೊಟ್ರೇಶ ಗುರುಗಳನ್ನು ಕೇಳಿದ.

ಕೇಳುವಾಗ ಅವನು ಕೂತಿರಲಿಲ್ಲ. ಗುರುಗಳ ಎದುರು ನಿಂತು ಪ್ರಶ್ನೆ ಕೇಳುವುದು ಮಠದ ಪದ್ಧತಿಯಲ್ಲ. ಆದರೆ ಸಿಟ್ಟು ನೆತ್ತಿಗೇರಿದವನ ಮೊಣಕಾಲು ಬಾಗುವುದಿಲ್ಲ.

ಅವನಿಗೆ ಸಿಟ್ಟು ಯಾಕೆ ಬಂದಿತ್ತು ಎಂಬುದನ್ನು ಮೊದಲೇ ಹೇಳಿಬಿಡಬೇಕು. ಗಾಂಜಾ ಕಡಿಮೆ ಮಾಡಬೇಕೆಂದು ತಾವಾಗಿ ಬಂದ ಯುವಕರಿಗೆ ಆ ಮಠದಿಂದ ಮೊಬೈಲಿನಲ್ಲೇ ನೆರವು ಸಿಗುತ್ತಿತ್ತು. ಎದುರಿಗೆ ಕೂತು ಹೇಳಲು ನಾಚುವವರು ಫೋನಿನಲ್ಲಿ ಹೇಳಿಯಾರು ಎಂಬ ನಂಬಿಕೆಯಿಂದ ಗುರುಗಳೇ ಅದನ್ನು ಶುರು ಮಾಡಿಸಿದ್ದರು. ಪ್ರತಿ ಭಾನುವಾರ ಒಂದೇ ಪ್ರಶ್ನೆ ಹೋಗುತ್ತಿತ್ತು: ಈ ವಾರ ಎಷ್ಟು ದಿನ ಸೇದಿದಿರಿ? ಅವರು ಒಂದು ಅಂಕಿ ಬರೆದು ಕಳಿಸುತ್ತಿದ್ದರು. ಆ ಅಂಕಿ ನೋಡಿ, ಚಟ ಕರೆದಾಗ ಏನು ಮಾಡಬೇಕು, ಯಾವ ದಾರಿಯಲ್ಲಿ ಹೋಗಬಾರದು, ಯಾರ ಜೊತೆ ಕೂರಬಾರದು ಎಂದು ಶಿಷ್ಯರು ಉತ್ತರ ಬರೆಯುತ್ತಿದ್ದರು. ಕೊಟ್ರೇಶನ ಪಾಲಿಗೆ ಬಂದವನು ವಾಗೀಶ. ಬೈಕ್ ಗ್ಯಾರೇಜಿನಲ್ಲಿ ಕೆಲಸ ಮಾಡುವ ಇಪ್ಪತ್ತೆರಡು ವರ್ಷದವನು.

"ಮೊದಲ ವಾರ ಏಳು ಅಂದ. ಆಮೇಲೆ ಆರು, ಆಮೇಲೆ ನಾಲ್ಕು. ನಾಲ್ಕನೆಯ ವಾರ ಮತ್ತೆ ಆರಕ್ಕೆ ಏರಿದ. ಆವತ್ತು ಸ್ವಲ್ಪ ಖಾರವಾಗಿಯೇ ಬರೆದೆ. ಮರುವಾರವೇ ಸೊನ್ನೆ. ಅಲ್ಲಿಂದ ಐದು ವಾರವೂ ಸೊನ್ನೆ. ನನ್ನ ಮಾತು ನಾಟಿತು ಅಂದುಕೊಂಡು ಮಠದಲ್ಲೆಲ್ಲ ಹೇಳಿಕೊಂಡು ತಿರುಗಿದೆ, ಬುದ್ಧಿ. ನಿನ್ನೆ ನೋಡಿದರೆ ಬಸ್ ಡಿಪೋ ಹಿಂದೆ ಹೊಗೆಯ ನಡುವೆ ಕೂತಿದ್ದಾನೆ ಮಹಾರಾಯ. ನನ್ನನ್ನು ಕಂಡು 'ನಮಸ್ಕಾರ ಅಣ್ಣ' ಬೇರೆ."

"ನೀನೇನು ಅಂದೆ?"

"ನಿನಗಿಂತ ನಾಯಿಬಾಲ ವಾಸಿ ಅಂದೆ. ಅವನ ನಂಬರನ್ನು ಅಳಿಸಲು ಅಪ್ಪಣೆ ಕೊಡಿ."

ಅಳಿಸಿದರೆ ವಾಗೀಶನನ್ನು ವಾರಕ್ಕೊಮ್ಮೆ 'ಹೇಗಿದ್ದೀಯ' ಎಂದು ಕೇಳುವವರು ಒಬ್ಬರೂ ಉಳಿಯುತ್ತಿರಲಿಲ್ಲ. ಮನೆಯವರು ಅವನೊಡನೆ ಮಾತು ಬಿಟ್ಟು ವರ್ಷವಾಗಿತ್ತು. ಇದು ಗುರುಗಳಿಗೂ ಗೊತ್ತಿತ್ತು, ಕೊಟ್ರೇಶನಿಗೂ ಗೊತ್ತಿತ್ತು. ಗೊತ್ತಿದ್ದೇ ಅವನು ಕೇಳುತ್ತಿದ್ದ. ಸಿಟ್ಟು ಅಂದರೆ ಅದೇ.

ಗುರುಗಳು ಅಪ್ಪಣೆ ಕೊಡಲಿಲ್ಲ, ಬೇಡ ಎಂದೂ ಅನ್ನಲಿಲ್ಲ. "ಕೂತುಕೋ, ತಮ್ಮಾ" ಎಂದು ಹೇಳತೊಡಗಿದರು.

ಒಂದು ಊರಿಗೆ ಒಂದು ದೊಡ್ಡ ಕೆರೆಯಿತ್ತು. ಕೆರೆ ತುಂಬಿದ ದಿನಗಳಲ್ಲಿ ಏರಿಯನ್ನು ಕಾಯುವುದು ಊರಿನ ಕೆಲಸ. ಉದ್ದದ ಏರಿ ಒಬ್ಬನ ಕಣ್ಣಿಗೆ ನಿಲುಕುವುದಿಲ್ಲ. ಆದ್ದರಿಂದ ಮನೆಗಿಷ್ಟು ಎಂದು ಹಂಚಿಕೊಂಡಿದ್ದರು. ಕೆರೆಯ ನೀರಿನ ಉಸ್ತುವಾರಿ ಹೊತ್ತವನಿಗೆ ನೀರುಗಂಟಿ ಎನ್ನುತ್ತಾರೆ. ಸಂಜೆ ಅವನು ಏರಿಯ ಮೇಲೆ ನಡೆಯುತ್ತ ಒಬ್ಬೊಬ್ಬನನ್ನೂ "ಜಿನುಗು ಉಂಟೇ?" ಎಂದು ಕೇಳುತ್ತಿದ್ದ. ಉಂಟು ಎಂದರೆ ಸಾಕು, ಎಲ್ಲರೂ ಜೇಡಿಮಣ್ಣಿನ ಬುಟ್ಟಿ ಹೊತ್ತು ಅಲ್ಲಿಗೆ ಹೋಗಿ ಮೆಟ್ಟುತ್ತಿದ್ದರು. ಏಡಿ ಬಿಲ ತೋಡದ ಏರಿ ಎಲ್ಲಿಯೂ ಇಲ್ಲ. ಹಾಗಾಗಿ ಉಂಟು ಎನ್ನಲು ಯಾರೂ ಅಂಜುತ್ತಿರಲಿಲ್ಲ.

ಆ ನೀರುಗಂಟಿ ತೀರಿಕೊಂಡು ಹೊಸಬ ಬಂದ. ಹೊಸಬ ಕೆಟ್ಟವನಲ್ಲ. ತನ್ನ ಕಾಲದಲ್ಲಿ ಏರಿ ಒಂದು ಹನಿಯೂ ಜಿನುಗಬಾರದು ಎಂಬ ಹಟ ಅವನದು, ಅಷ್ಟೇ. ಇಲ್ಲ ಎಂದವರ ಬೆನ್ನು ತಟ್ಟುತ್ತ ಬಂದ. ಒಬ್ಬ ರೈತ ಮಾತ್ರ "ಉಂಟು, ಹೆಬ್ಬೆರಳಿನಷ್ಟು" ಎಂದ.

"ಎಲ್ಲರದೂ ಒಣಗಿದೆ, ನಿನ್ನದೊಂದಕ್ಕೇ ನೆಗಡಿಯೋ?" ಎಂದ ನೀರುಗಂಟಿ. "ನಿನ್ನಪ್ಪ ಕಾದ ಜಾಗ ಇದು. ನಿನ್ನ ಕೈಗೆ ಬಂದು ಕೆಟ್ಟಿತು. ಹೋಗು, ಹೆಂಡತಿಯ ಸೀರೆ ತಂದು ತುರುಕು."

ಏರಿಯ ಮೇಲಿದ್ದವರೆಲ್ಲ ನಕ್ಕರು. ಮಣ್ಣನ್ನೂ ಹಾಕಿದರು, ಆದರೆ ನಗುತ್ತಲೇ ಹಾಕಿದರು.

ಮೂರನೆಯ ದಿನ ಪಕ್ಕದಲ್ಲಿ ಇನ್ನೊಂದು ಬಾಯಿ ಬಿಟ್ಟಿತು. ಆ ಸಂಜೆ ರೈತ "ಇಲ್ಲ" ಎಂದ. ನೀರುಗಂಟಿ ಅವನ ಬೆನ್ನನ್ನೂ ತಟ್ಟಿದ. "ನೋಡಿದಿರಾ, ನಾಲ್ಕು ಮಾತು ಬಿದ್ದರೆ ಏರಿಯೂ ನೆಟ್ಟಗಾಗುತ್ತದೆ" ಎಂದು ಊರಿಗೆಲ್ಲ ಹೇಳಿದ.

ರೈತ ಸುಮ್ಮನೆ ಕೂರಲಿಲ್ಲ. ಯಾರೂ ಇಲ್ಲದ ಹೊತ್ತು ನೋಡಿ ಒಬ್ಬನೇ ಮಣ್ಣು ಹೊತ್ತ. ಊರೆಲ್ಲ ಹೊರಬೇಕಾದ ಮಣ್ಣು ಒಬ್ಬನ ತಲೆಯ ಮೇಲೆ ಎಷ್ಟು ಬಂದೀತು? ಜಿನುಗು ಮುಷ್ಟಿಯಷ್ಟಾಯಿತು. ನೀರುಗಂಟಿಯ ಕಣ್ಣಿಗೆ ಬೀಳದಿರಲೆಂದು ಅದರ ಮೇಲೆ ಹುಲ್ಲು ಹೊದಿಸಿದ. ಹತ್ತನೆಯ ದಿನ ಮಧ್ಯಾಹ್ನ ಏರಿ ಒಡೆಯಿತು. ನಾಟಿ ಮಾಡಿದ ಗದ್ದೆಗಳು ಹೋದವು, ಕಟ್ಟಿದ್ದ ದನಗಳು ಹೋದವು.

ಊರವರು ರೈತನನ್ನು ಎಳೆದು ತಂದರು. ನೀರುಗಂಟಿ ಅವನ ಕೊರಳಪಟ್ಟಿ ಹಿಡಿದು, "ದ್ರೋಹಿ, ದಿನವೂ ಬಂದು ಕೇಳಿದೆನಲ್ಲ. ಉಂಟು ಎನ್ನಲು ನಿನಗೇನಾಗಿತ್ತು?" ಎಂದ.

"ಒಂದು ದಿನ ಅಂದಿದ್ದೆನಲ್ಲ, ಸ್ವಾಮಿ" ಎಂದ ರೈತ.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

ಕತೆ ಯಾರ ಕಡೆಗೆ ತಿರುಗುತ್ತಿದೆ ಎಂಬುದು ಕೊಟ್ರೇಶನಿಗೆ ತಿಳಿಯದೆ ಇರಲಿಲ್ಲ. ತಿಳಿದದ್ದರಿಂದ ಅವನ ಸಿಟ್ಟು ಇಳಿಯಲಿಲ್ಲ, ಇನ್ನಷ್ಟು ಏರಿತು. ತಪ್ಪು ಮಾಡಿದವನು ಡಿಪೋ ಹಿಂದೆ ಹಾಯಾಗಿದ್ದಾನೆ, ಪಾಠ ಮಾತ್ರ ನನಗೆ ಎನಿಸಿತು.

"ಏನೇ ಆಗಲಿ ಬುದ್ಧಿ, ಸುಳ್ಳು ಸುಳ್ಳೇ" ಎಂದ. "ಬೈಗುಳಕ್ಕೆ ಹೆದರಿ ಊರು ಮುಳುಗಿಸಿದವನನ್ನು ನಾನು ಹೊಗಳಲಾರೆ. ವಾಗೀಶ ಐದು ಸಲ ನನ್ನ ಕಣ್ಣಿಗೆ ಮಣ್ಣೆರಚಿದ್ದಾನೆ."

ಗುರುಗಳ ಮುಖ ಬಿಗಿಯಿತು. ಅವರಿಗೂ ಸಿಟ್ಟು ಬರುತ್ತದೆ ಎಂಬುದನ್ನು ಕೊಟ್ರೇಶ ಅಂದೇ ಮೊದಲು ಕಂಡದ್ದು. ಆದರೆ ಅವರು ದನಿ ಏರಿಸಲಿಲ್ಲ.

"ಅವನು ಆರು ಎಂದು ನಿಜ ಹೇಳಿದ ಆ ಭಾನುವಾರ ನೀನು ಬರೆದ ಉತ್ತರವನ್ನು ತೆಗೆದು, ನನಗೆ ಕೇಳುವಂತೆ ಓದು" ಎಂದರು.

ಕೊಟ್ರೇಶ ಫೋನು ತೆಗೆದ. ಹುಡುಕುವುದು ಕಷ್ಟವಾಗಲಿಲ್ಲ. 'ಆರಾ? ಥೂ. ನಿನ್ನನ್ನು ಹೆತ್ತವರು ಮಾತು ಬಿಟ್ಟದ್ದು ಸುಮ್ಮನೆ ಅಲ್ಲ. ಮುಂದಿನ ವಾರ ಸೊನ್ನೆ ಇಲ್ಲದಿದ್ದರೆ ನನಗೆ ಉತ್ತರ ಬರೆಯಲೇಬೇಡ' ಎಂದಿತ್ತು.

ಅವನು ಓದಲಿಲ್ಲ.