ಪೀಪಾಯಿಗೆ ಬಗ್ಗದ ಕಾರು

ಘಟ್ಟದ ಕಡೆಯ ತಿರುವಿನಲ್ಲಿ ಒಂದು ನೀರಿನ ಪೀಪಾಯಿ ಇತ್ತು. ಘಟ್ಟ ಹತ್ತಿ ಎಂಜಿನ್ ಕಾದ ಗಾಡಿಗಳೆಲ್ಲ ಅದರೆದುರು ಬಾನೆಟ್ ಎತ್ತಿ ನಿಲ್ಲುತ್ತಿದ್ದವು. ಯಜಮಾನರು ಸೊಂಟ ಬಗ್ಗಿಸಿ ನೀರು ಮೊಗೆಯುತ್ತಿದ್ದರು. ಹಾಗಾಗಿ ಘಟ್ಟಕ್ಕೆ ತಾನೇ ದೊರೆಯೆಂದು ಪೀಪಾಯಿಗೆ ಜಂಬ.

ಒಂದು ಬೆಳಿಗ್ಗೆ ಐವತ್ತು ವರ್ಷ ಹಳೆಯ ಪುಟ್ಟ ಜರ್ಮನ್ ಸ್ಪೋರ್ಟ್ಸ್ ಕಾರೊಂದು ಗುಡುಗುತ್ತ ಬಂದು ನಿಂತಿತು.

"ಬಾನೆಟ್ ಎತ್ತು ಮುದುಕಾ, ನೀರು ಕುಡಿ," ಎಂದಿತು ಪೀಪಾಯಿ.

"ಅದರಡಿ ಇರುವುದು ಪೆಟ್ಟಿಗೆ ಇಡುವ ಜಾಗ," ಎಂದಿತು ಕಾರು. "ನನ್ನ ಎಂಜಿನ್ ಹಿಂದಿದೆ, ಗಾಳಿಯಲ್ಲೇ ತಣಿಯುತ್ತದೆ. ಹುಟ್ಟಿದಂದಿನಿಂದ ನನಗೆ ನೀರಿನ ಹಂಗಿಲ್ಲ."

"ಮತ್ತೆ ಇಲ್ಲೇಕೆ ನಿಂತೆ?"

"ಹಿಂದೆ ಒಬ್ಬನ ಜೀಪು ಕುದಿಯುತ್ತಿದೆ. ಅವನಿಗೆ ನಿನ್ನ ಜಾಗ ತೋರಿಸಲೆಂದು."

ಅಷ್ಟರಲ್ಲಿ ಚಂಗಪ್ಪನೆಂಬವನ ಜೀಪು ಹಬೆಯುಗುಳುತ್ತ ಬಂತು. ಚಂಗಪ್ಪ ಹಾರಿ ಇಳಿದ. ಪೀಪಾಯಿ ಎದೆಯುಬ್ಬಿಸಿ ಕಾಯುತ್ತ ನಿಂತಿತು. ಅವನು ಅದನ್ನು ದಾಟಿ ಓಡಿದ, ಹಳೆಯ ಕಾರಿನ ಹಿಂದೆ ಧೂಳಿನಲ್ಲಿ ಮೊಣಕಾಲೂರಿ ಎಂಜಿನ್ನಿಗೆ ಕಿವಿಗೊಟ್ಟ.

"ಆಫ್ ಮಾಡ್ಬೇಡಿ ಸಾರ್!" ಎಂದು ಒಳಗಿದ್ದ ಯಜಮಾನರಿಗೆ ಕೂಗಿದ. "ಈ ಸದ್ದು ಕೇಳೋಕಂತಲೇ ಘಟ್ಟದ ಬುಡದಿಂದ ಬೆನ್ನು ಹತ್ತಿ ಬಂದಿದ್ದೀನಿ."

ಪೀಪಾಯಿ ಕಂಗಾಲಾಯಿತು. "ಅವನ ಜೀಪು ಬೇಯುತ್ತಿದೆ! ಆದರೂ ನನ್ನನ್ನು ಬಿಟ್ಟು ನಿನಗೆ ಬಗ್ಗಿದನೇ?"

"ನಿನಗೂ ಬಗ್ಗುತ್ತಾನೆ ತಾಳು, ಅವನಿಗೆ ನೀರು ಬೇಕು," ಎಂದಿತು ಕಾರು. "ನನ್ನಿಂದ ಅವನಿಗೆ ಏನೂ ಬೇಕಿಲ್ಲ."