ದಂಡೆಗೆ ಬರದ ಪುಟ

"ಕೇಳಿರಪ್ಪೋ ಕೇಳಿ! ರಾಜಕುಮಾರಿ ಚಿತ್ರಾಂಬೆ ಹೊಳೆಪಾಲಾದದ್ದು ಯಾಕೆಂದು ಮಹಾರಾಜರಿಗೆ ತಿಳಿಯಬೇಕು. ಮೂರು ಒಗಟು ಬಿಡಿಸಿದವರಿಗೆ ಅರ್ಧ ರಾಜ್ಯ, ತಪ್ಪಿದವರಿಗೆ ಗಲ್ಲು!"

ಡಂಗುರ ಹೀಗಿತ್ತು ನೋಡಿ. ಮಗಳನ್ನು ಕಳಕೊಂಡ ಗಜಕೇತು ರಾಜನಿಗೆ ತಲೆ ನೆಟ್ಟಗಿರಲಿಲ್ಲ, ಪಾಪ. ಅಣೆಕಟ್ಟೆಯಿಂದ ನೀರು ಬಿಡುವ ಮುಂಚೆ ಅರಮನೆಯ ವೆಬ್‌ಸೈಟಿನಲ್ಲಿ ಎಚ್ಚರಿಕೆ ಹಾಕುವುದು ಆ ರಾಜ್ಯದ ಪದ್ಧತಿ. ಅವತ್ತೂ ಹಾಕಿದ್ದರು. ಆದರೂ ಅವಳು ಹರಿಗೋಲು ಹತ್ತಿದ್ದಳು.

ಮೊದಲು ಬಂದ ಪಂಡಿತ ಮೂರೂ ಒಗಟು ಕೇಳಿ, "ಎಲ್ಲಕ್ಕೂ ನೆಟ್‌ವರ್ಕೇ ಕಾರಣ" ಎಂದ. "ಹೊಳೆ ದಂಡೆಗೆ ಹೋಗಿ ನೋಡಿದೆಯಾ?" ಎಂದು ರಾಜ ಕೇಳಿದ. ಇಲ್ಲವಂತೆ. ಗಲ್ಲಿನ ದಿನ ಕಾಯಲು ಸೆರೆಮನೆಗೆ ನಡೆದ. ಮಂತ್ರಿಯ ಅಳಿಯ "ಹಣೆಬರಹ" ಎಂದು, ಅವನ ಪಕ್ಕದಲ್ಲೇ ಹೋಗಿ ಕೂತ.

ಮೂರನೆಯವನು ಅಂಬಿಗರ ಬೊಮ್ಮಣ್ಣ. ಅವತ್ತು ಹರಿಗೋಲು ನಡೆಸಿದವನು ಇವನೇ. ಈಜಿ ಬದುಕಿಕೊಂಡಿದ್ದ, ಅದೇ ಅವನನ್ನು ಸುಡುತ್ತಿತ್ತು.

"ಅರಮನೆಗೆ ಚಿಟಿಕೆ ಹೊಡೆಯುವಷ್ಟರಲ್ಲಿ ಬರುವುದು ದಂಡೆಗೆ ಬರುವುದೇ ಇಲ್ಲ. ಏನದು?" ಎಂದ ರಾಜ.

"ನಿಮ್ಮ ವೆಬ್‌ಸೈಟಿನ ಆ ಎಚ್ಚರಿಕೆ ಪುಟಾನೇ, ಬುದ್ಧಿ. ನಿಮ್ಮೋರು ಅದರ ವೇಗ ಅಳೆಯೋದು ಅರಮನೇಲಿ ಕೂತು. ದಂಡೇಲಿ ಅದು ತೆರೆಯೋದರೊಳಗೆ ಒಲೆ ಮೇಲಿನ ಅನ್ನ ಬೆಂದಿರುತ್ತೆ."

"ಪುಟ ನೋಡಿದವರೆಲ್ಲ ಬೇಗ ಬಂತು ಅನ್ನುತ್ತಾರೆ. ತಡವಾಯಿತು ಅನ್ನುವವರು ಎಲ್ಲಿ ಹೋದರು?"

"ಕಾದು ಕಾದು ಎದ್ದುಹೋದ್ರು. ನೀವು ಕೇಳೋದು ನೋಡಿದೋರನ್ನ ಮಾತ್ರ. ನೋಡೋಕಾಗದೆ ಹೋದೋರು ಯಾರ ಲೆಕ್ಕದಲ್ಲೂ ಇಲ್ಲ."

ರಾಜನ ದನಿ ಒಡೆಯಿತು. "ಎಚ್ಚರಿಕೆ ಹಾಕಿದ್ದೆವು. ಮಗಳ ಕೈಯಲ್ಲಿ ಫೋನಿತ್ತು. ನಡುವೆ ಅಡ್ಡ ನಿಂತವರು ಯಾರು?"

ಬೊಮ್ಮಣ್ಣ ತಲೆಯೆತ್ತಿ ರಾಜನನ್ನೇ ನೋಡಿದ. ನಿಜ ಹೇಳಿದರೆ ಕುತ್ತಿಗೆ ಉಳಿಯುವುದು ಅನುಮಾನ. ಆದರೂ ಹೇಳಿದ.

"ನೀವೇ, ಬುದ್ಧಿ."

ಸಭೆ ಹೌಹಾರಿತು. ರಾಜ ಕೈಯೆತ್ತಿ ಸುಮ್ಮನಿರಿಸಿದ.

"ಪುಟದ ತುಂಬ ನಿಮ್ಮ ಪಟ. ಅದು ಪೂರ್ತಿ ಬಂದ ಮೇಲೇ ಕೆಳಗಿನ ಎಚ್ಚರಿಕೆ. ಅಮ್ಮಣ್ಣಿಯೋರು ಫೋನ್ ಹಿಡಿದು ಕಾದ್ರು. ಕಿರೀಟ ಬಂತು, ಹಣೆ ಬಂತು. ಕಣ್ಣು ಬರೋ ಹೊತ್ತಿಗೆ ಕತ್ತಲಾಗ್ತಿತ್ತು. 'ಅಪ್ಪಾಜಿ ಕಣ್ಣಲ್ಲೇ ನಗ್ತಿದ್ದಾರೆ, ಏನೂ ತೊಂದರೆ ಇರಲ್ಲ, ಹೊರಡು' ಅಂದ್ರು."

ರಾಜ ಸಿಂಹಾಸನದಿಂದಿಳಿದು ನೆಲದ ಮೇಲೆ ಕೂತುಬಿಟ್ಟ. "ಅಯ್ಯೋ, ಅಷ್ಟು ದೊಡ್ಡ ಪಟ ಹಾಕಿ ಅಂದವನು ನಾನೇ ಕಣೋ!" ಎಂದು ಗೋಳೋ ಎಂದು ಅತ್ತ.

ಪಟ ತೆಗೆಸಿದರು, ಸೆರೆಯಲ್ಲಿದ್ದ ಇಬ್ಬರನ್ನೂ ಬಿಟ್ಟರು. ಬೊಮ್ಮಣ್ಣ ಅರ್ಧ ರಾಜ್ಯ ಒಲ್ಲೆನೆಂದ. ದಂಡೆ ದಂಡೆಗೂ ಹೋಗಿ ಪುಟದ ವೇಗ ನೋಡುವ ಅಧಿಕಾರ ಕೊಡಿ ಎಂದು ಕೇಳಿ ಪಡೆದ.

ಈಗ ದಿನಾ ಬೆಳಿಗ್ಗೆ ರಾಜನೂ ಅವನ ಜೊತೆ ಹೊಳೆಗೆ ಬರುತ್ತಾನೆ. ಫೋನು ತೆಗೆದು ಒತ್ತುತ್ತಾನೆ. ಪುಟ ತಟ್ಟನೆ ತೆರೆಯುತ್ತದೆ. ಅಷ್ಟು ಬೇಗ ತೆರೆದಾಗಲೆಲ್ಲ ಅವನಿಗೆ ಅಳು ಬರುತ್ತದೆ.